ಕೊಳೆರೋಗದಿಂದ ಶಂಕರಘಟ್ಟದವರೆಗೆ: ಮಲೆನಾಡಿನ ವಿಜ್ಞಾನ ಸಂಶೋಧನೆ ಬೆಳೆದ ಬಗೆ

ಶಂಕರಘಟ್ಟದ ಜ್ಞಾನ ಸಹ್ಯಾದ್ರಿ ಆವರಣದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳ ಹೆಸರುಗಳಲ್ಲಿ ಒಂದು ಪದ ಮತ್ತೆ ಮತ್ತೆ ಎದುರಾಗುತ್ತದೆ. ಅನ್ವಯಿಕ ಸಸ್ಯಶಾಸ್ತ್ರ, ಅನ್ವಯಿಕ ಪ್ರಾಣಿಶಾಸ್ತ್ರ, ಅನ್ವಯಿಕ ಭೂವಿಜ್ಞಾನ ಎಂದೇ ಇಲ್ಲಿನ ವಿಭಾಗಗಳು ಹೆಸರಾದವು. ರಸಾಯನಶಾಸ್ತ್ರಕ್ಕೂ ಕೈಗಾರಿಕಾ ಎಂಬ ವಿಶೇಷಣ ಸೇರಿತು. ಈ ಪದವನ್ನು ಬರಿಯ ಅಲಂಕಾರವೆಂದು ತಳ್ಳಿಹಾಕಬಾರದು. ಮಲೆನಾಡಿನಲ್ಲಿ ವಿಶ್ವವಿದ್ಯಾಲಯ ಹುಟ್ಟುವುದಕ್ಕೆ ಮುಕ್ಕಾಲು ಶತಮಾನ ಮೊದಲೇ ಸಂಶೋಧನೆ ಶುರುವಾಗಿತ್ತು. ಅದನ್ನು ಶುರುಮಾಡಿಸಿದ್ದು ಕೊಳೆತ ಅಡಿಕೆ ಗೊನೆ, ಮುಂದಕ್ಕೆ ನೂಕಿದ್ದು ಕಾಡಿನಲ್ಲಿ ಸತ್ತುಬಿದ್ದ ಮಂಗ.

ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಶಿಲೀಂಧ್ರ ಮತ್ತು ಕೀಟತಜ್ಞರಾಗಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದಾಗ, ಮಳೆಗಾಲದ ಕೊಳೆರೋಗ ಅಡಿಕೆ ಬೆಳೆಗಾರರ ವರ್ಷದ ಗಳಿಕೆಯನ್ನೇ ನುಂಗುತ್ತಿತ್ತು. ಕರಡದ ಹುಲ್ಲಿನಿಂದ ಹೆಣೆದ ಕೊಟ್ಟೆಯನ್ನು ಗೊನೆಗೆ ಕಟ್ಟಿ ಮಳೆನೀರು ತಾಗದಂತೆ ಕಾಪಾಡುವುದಷ್ಟೇ ಆಗ ತಿಳಿದಿದ್ದ ಉಪಾಯ. ರೋಗಕ್ಕೆ ಫೈಟಾಫ್ತೊರಾ ಜಾತಿಯ ಸೂಕ್ಷ್ಮಜೀವಿ ಕಾರಣವೆಂದು ಕೋಲ್ಮನ್ 1910ರಲ್ಲಿ ಪ್ರಕಟಿಸಿದರು ಮತ್ತು ಮೈಲುತುತ್ತ (ತಾಮ್ರದ ಸಲ್ಫೇಟು) ಹಾಗೂ ಸುಣ್ಣ ಸೇರಿದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ತೋಟಗಳಲ್ಲಿ ಬಳಕೆಗೆ ತಂದರು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಇಂದಿನ ಲೆಕ್ಕ ಮಲೆನಾಡಿನ ಮಕ್ಕಳಿಗೂ ಬಾಯಿಪಾಠ. ಆರಿದ್ರಾ ಮಳೆಗೆ ಮುನ್ನ ನಮ್ಮ ಮನೆಯ ಅಂಗಳದಲ್ಲಿ ದ್ರಾವಣ ಕೂಡಿಸುವಾಗ ಅಪ್ಪ ಉಜ್ಜಿ ಹೊಳಪಿಸಿದ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ ತೆಗೆದು ಬೆಳಕಿಗೆ ಹಿಡಿಯುತ್ತಿದ್ದರು. ಅಲಗಿನ ಮೇಲೆ ಕೆಂಪು ಛಾಯೆ ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಎಂದರ್ಥ; ಇನ್ನೊಂದಿಷ್ಟು ಸುಣ್ಣದ ತಿಳಿ ಬೀಳುವವರೆಗೆ ಅಡಿಕೆ ಮರವೇರಿ ಔಷಧಿ ಹೊಡೆಯುವ ಕೊನೆಗೌಡ ಮರ ಹತ್ತುತ್ತಿರಲಿಲ್ಲ. ಕಬ್ಬಿಣದ ಮೇಲೆ ತಾಮ್ರ ಕೂರುವ ಆ ಕ್ರಿಯೆ ಅಪ್ಪಟ ವಿದ್ಯುದ್ರಸಾಯನಶಾಸ್ತ್ರವೆಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಅದೇ ಕೋಲ್ಮನ್ ಅವರ ಕಾಲದಲ್ಲಿ, 1925ರಲ್ಲಿ, ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರವೂ ಆರಂಭವಾಯಿತು.

ಮುಂದಿನ ದೊಡ್ಡ ತಿರುವು ಬಂದದ್ದು 1957ರಲ್ಲಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಕೆಂಪು ಮಂಗಗಳೂ ಸಾಲುಸಾಲಾಗಿ ಸಾಯತೊಡಗಿದವು, ಅದರ ಬೆನ್ನಿಗೆ ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ಮಲಗಿದರು. ಇದೇ ಮುಂದೆ ಮಂಗನ ಕಾಯಿಲೆ ಎನಿಸಿತು. ಮಂಗಗಳ ಸಾವು ಹಳದಿ ಜ್ವರದ ಲಕ್ಷಣವಾಗಿದ್ದರಿಂದ, ಅದು ಏಷ್ಯಾಕ್ಕೆ ಕಾಲಿಟ್ಟಿತೇ ಎಂಬ ಆತಂಕದಲ್ಲಿಯೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಧಾವಿಸಿತು. ಸಿಕ್ಕಿದ ವೈರಾಣು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗು ಹರಡುವ ಮಿದುಳು ಜ್ವರದ ವೈರಾಣುವಿಗೆ ಅದು ಹತ್ತಿರದ ಬಂಧುವಾಗಿತ್ತು. ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳು ಅದನ್ನು ತಂದಿರಬಹುದೇ ಎಂಬ ಪ್ರಶ್ನೆ ಹುಟ್ಟಿ, ಸಲೀಂ ಅಲಿಯವರಂಥ ಪಕ್ಷಿತಜ್ಞರೂ ಈ ಶೋಧದ ಭಾಗವಾದರು.

ಒಂದು ಜ್ವರ ಇಷ್ಟು ಶಾಸ್ತ್ರಗಳನ್ನು ಒಂದೇ ಕಾಡಿಗೆ ಕರೆತಂದ ಉದಾಹರಣೆ ನಮ್ಮಲ್ಲಿ ವಿರಳ. ವೈರಾಣುವನ್ನು ಬೇರ್ಪಡಿಸಲು ವೈರಾಣುತಜ್ಞರು ಬೇಕು, ಅದನ್ನು ಹರಡುವ ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗನ್ನು ಅದರ ಹತ್ತಾರು ಸೋದರ ಜಾತಿಗಳಿಂದ ಬೇರೆಮಾಡಿ ಗುರುತಿಸಲು ಉಣುಗುತಜ್ಞರು ಬೇಕು, ಮಂಗಗಳ ಓಡಾಟ, ದನಗಳ ಮೇವು, ಕಾಡಿನ ಅಂಚು ಇವೆಲ್ಲವನ್ನೂ ಒಟ್ಟಿಗೆ ನೋಡಬಲ್ಲ ಕಣ್ಣೂ ಬೇಕು. ಬಿಳಿಯ ಫ್ಲಾನೆಲ್ ಬಟ್ಟೆಯನ್ನು ದರಕಿನ (ಉದುರಿದ ಒಣ ಎಲೆಗಳ) ಮೇಲೆ ಮೆಲ್ಲಗೆ ಎಳೆದುಕೊಂಡು ಹೋಗಿ, ಅದಕ್ಕೆ ಅಂಟಿದ ಎಳ್ಳುಕಾಳಿಗಿಂತ ಚಿಕ್ಕ ಉಣುಗುಗಳನ್ನು ಚಿಮಟಿಗೆಯಿಂದ ಒಂದೊಂದಾಗಿ ಬಿಡಿಸಿ ಸೀಸೆಗೆ ಹಾಕುವುದು ಈ ಸಂಶೋಧನೆಯ ಮೂಲಕೆಲಸ. ಬೆಳೆದ ಉಣುಗು ದನದಂಥ ದೊಡ್ಡ ಪ್ರಾಣಿಯ ರಕ್ತ ಹೀರಿ ಮೊಟ್ಟೆಯಿಡುತ್ತದೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಮಳೆಗಾಲ ಕಳೆದ ಮೇಲೆ ಕಾಣಿಸಿಕೊಳ್ಳುವ ಎಳೆಯ ಉಣುಗು. ಹೀಗಾಗಿ, ಕಾಡು ಕಡಿದು ಗದ್ದೆ ಮಾಡಿದಾಗ, ಅಂಚಿನಲ್ಲಿ ಲಂಟಾನ ಹಬ್ಬಿದಾಗ, ದನಗಳು ಆ ಪೊದೆಗಳಲ್ಲಿ ಮೇದಾಗ ರೋಗಕ್ಕೆ ದಾರಿಯಾಗುತ್ತದೆ ಎಂಬ ವಿವರಣೆಯನ್ನು ವಿಜ್ಞಾನಿ ಹೋರ್ಹೆ ಬೋಶೆಲ್ 1969ರಲ್ಲೇ ಮಂಡಿಸಿದ್ದರು. ಸೊಪ್ಪಿನ ಬೆಟ್ಟಕ್ಕೆ ದರಕು ಗುಡಿಸಲು ಹೋಗುವ ಹೆಂಗಸಿಗೆ ಮಂಗನ ಕಾಯಿಲೆ ಏಕೆ ತಗಲುತ್ತದೆಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ನಾನು ಓದಿಲ್ಲ. ಆದರೂ 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಮನೆಗಳು ಅದೇ ಕಾಯಿಲೆಯಿಂದ ನರಳಿದವು. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆ ಹೆಚ್ಚು ಫಲ ಕೊಡದೆ 2022ರಲ್ಲಿ ನಿಂತಿತು.

ಇಂಥ ಪ್ರಶ್ನೆಗಳಿದ್ದ ನೆಲದಲ್ಲಿಯೇ ಓದಿ ಸಂಶೋಧನೆ ಮಾಡುವ ಅವಕಾಶ ನಮ್ಮವರಿಗೆ ದೊರೆತದ್ದು ತಡವಾಗಿ. ಭದ್ರಾ ಅಣೆಕಟ್ಟಿನ ಬಳಿಯ ಊರಾದ ಬಿ.ಆರ್. ಪ್ರಾಜೆಕ್ಟ್‌ನಲ್ಲಿ ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿದ್ದ ಸ್ನಾತಕೋತ್ತರ ಕೇಂದ್ರವೇ ಬೀಜವಾಗಿ, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಶಿವಮೊಗ್ಗದಿಂದ ಸುಮಾರು 28 ಕಿಲೋಮೀಟರು ದೂರ, ಭದ್ರಾ ಅಭಯಾರಣ್ಯದ ಮಗ್ಗುಲು. ಪ್ರಯೋಗಾಲಯದ ಬಾಗಿಲು ದಾಟಿದರೆ ಕಾಡು.

ಆ ಕಾಡಿನ ಹಳ್ಳಗಳಲ್ಲಿಯೇ ಇಲ್ಲಿನ ಸಸ್ಯಶಾಸ್ತ್ರಜ್ಞರು ಬಹುಕಾಲ ಶಿಲೀಂಧ್ರಗಳನ್ನು ಹುಡುಕಿದ್ದಾರೆ. ನೀರಿಗೆ ಬಿದ್ದ ಎಲೆಯನ್ನು ಕೊಳೆಯಿಸಿ ಹುಳುಹುಪ್ಪಟೆಗಳಿಗೆ ಆಹಾರವಾಗುವಂತೆ ಮೆದುಮಾಡುವ ಜಲಶಿಲೀಂಧ್ರಗಳ ಬೀಜಕಗಳು ಹರಿವಿನಲ್ಲಿ ತೇಲಿ, ಕಲ್ಲಿನ ಸಂದಿಯಲ್ಲಿ ಕಟ್ಟಿಕೊಳ್ಳುವ ನೊರೆಯಲ್ಲಿ ಸಿಕ್ಕಿಬೀಳುತ್ತವೆ. ಆ ನೊರೆಯನ್ನು ಚಮಚದಲ್ಲಿ ಎತ್ತಿ ಸೀಸೆಗೆ ತುಂಬಿ, ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ನಾಲ್ಕು ಕೈ ಚಾಚಿದ ನೆಗ್ಗಿಲ ಮುಳ್ಳಿನಂಥ ಆಕಾರಗಳು ಕಾಣುತ್ತವೆ. ಹಳ್ಳ ಕೆಟ್ಟರೆ ಮೊದಲು ಕಡಿಮೆಯಾಗುವ ಜೀವಿಗಳಲ್ಲಿ ಇವೂ ಸೇರಿವೆ. ಪರಿಸರ ವಿಜ್ಞಾನದವರು ಕಪ್ಪೆಗಳತ್ತ ತಿರುಗಿದ್ದೂ ಇದೇ ಕಾರಣಕ್ಕೆ: ತೋಟಗದ್ದೆಗಳ ಗೊಬ್ಬರದಿಂದ ಹಳ್ಳಕ್ಕೆ ಇಳಿಯುವ ನೈಟ್ರೇಟು ಗೊದಮೊಟ್ಟೆಗಳ ಬೆಳವಣಿಗೆಯನ್ನು ಹೇಗೆ ಕೆಡಿಸುತ್ತದೆಂಬುದನ್ನು ಅವರು ಪರೀಕ್ಷಿಸಿ ತೋರಿಸಿದರು. ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳಿದ್ದ ಭದ್ರಾವತಿಯ ಕೆಳಗೆ ಭದ್ರಾ ನದಿಯ ನೀರು ಏನಾಗಿದೆಯೆಂಬುದು ಇಲ್ಲಿ ಅನೇಕ ಪ್ರಬಂಧಗಳಿಗೆ ವಸ್ತುವಾಯಿತು.

ನೆಲದ ಪ್ರಶ್ನೆಗಳೇ ಎಲ್ಲವನ್ನೂ ವಿವರಿಸುವುದಿಲ್ಲ. ಗಣಿತ ವಿಭಾಗದವರು ನ್ಯಾನೋಕಣಗಳಿರುವ ದ್ರವದಲ್ಲಿ ಶಾಖ ಹೇಗೆ ಹರಿಯುತ್ತದೆಂಬ ಸಮೀಕರಣಗಳನ್ನು ಬಿಡಿಸುತ್ತಾರೆ, ಅವರ ಲೇಖನಗಳನ್ನು ದೂರದೇಶದವರೂ ಉಲ್ಲೇಖಿಸುತ್ತಾರೆ. ಅದಕ್ಕೂ ಅಡಿಕೆಗೂ ನೇರ ಸಂಬಂಧವಿಲ್ಲ. ರಸಾಯನಶಾಸ್ತ್ರದವರ ಪ್ರಸಿದ್ಧ ಕೆಲಸವೂ ಅಂಥದೇ: ಮಿದುಳಿನ ಸಂದೇಶವಾಹಕವಾದ ಡೋಪಮೈನನ್ನು ಅಳೆಯುವ ಇಂಗಾಲದ ಪೇಸ್ಟಿನ ವಿದ್ಯುದ್ವಾರ. ಗ್ರಾಫೈಟ್ ಪುಡಿಗೆ ಸಿಲಿಕೋನ್ ಎಣ್ಣೆ ಬೆರೆಸಿ ಕಲ್ವದಲ್ಲಿ ಚೆನ್ನಾಗಿ ಅರೆದು, ಸಣ್ಣ ಕೊಳವೆಯ ತುದಿಗೆ ಒತ್ತಿ ತುಂಬಿ, ತಾಮ್ರದ ತಂತಿ ಸೇರಿಸಿ, ಮುಖವನ್ನು ಕಾಗದದ ಮೇಲೆ ಉಜ್ಜಿ ನುಣುಪು ಮಾಡಿದರೆ ವಿದ್ಯುದ್ವಾರ ಸಿದ್ಧ. ದುಬಾರಿ ಲೋಹವೇನೂ ಬೇಡ. ಆದರೆ ರಕ್ತದಲ್ಲಿ ಡೋಪಮೈನಿನ ಜೊತೆಗಿರುವ ಸಿ ಜೀವಸತ್ವವೂ ಯೂರಿಕ್ ಆಮ್ಲವೂ ಹೆಚ್ಚುಕಡಿಮೆ ಅದೇ ವೋಲ್ಟೇಜಿನಲ್ಲಿ ಸಂಕೇತ ಕೊಡುವುದರಿಂದ, ಪೇಸ್ಟಿನ ಮೇಲ್ಮೈಯನ್ನು ಮಾರ್ಪಡಿಸಿ ಮೂರನ್ನೂ ಬೇರೆಬೇರೆಯಾಗಿ ಕಾಣುವಂತೆ ಮಾಡುವುದರಲ್ಲಿ ನಿಜವಾದ ಜಾಣ್ಮೆಯಿದೆ. ರಾಜಧಾನಿಯ ಸಂಸ್ಥೆಗಳಿಗೆ ಸಿಗುವ ಅನುದಾನ ಸಿಗದ ಊರಿನಲ್ಲಿ ಗ್ರಾಫೈಟ್ ಪುಡಿ, ಕಲ್ವ, ನೊರೆ ತುಂಬಿದ ಸೀಸೆ ಇವುಗಳಿಂದ ಸಾಧ್ಯವಾಗುವ ವಿಜ್ಞಾನ ಚೆನ್ನಾಗಿ ಬೆಳೆಯಿತೆಂದು ನಾನು ತಿಳಿದಿದ್ದೇನೆ.

ಕೃಷಿಯ ಪ್ರಶ್ನೆಗಳಿಗೆ 2012ರಲ್ಲಿ ಶಿವಮೊಗ್ಗದಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯವೇ ಬಂತು. ಮೊದಲು ನವುಲೆಯಲ್ಲಿದ್ದು, ಈಗ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಮುಖ್ಯ ಆವರಣ ಹೊಂದಿರುವ ಅದು ಕೆಳದಿ ಶಿವಪ್ಪ ನಾಯಕನ ಹೆಸರು ಪಡೆದಿದೆ. ಅದರ ಮುಂದೆ ಈಗಿರುವ ದೊಡ್ಡ ಸವಾಲು ಅಡಿಕೆಯ ಎಲೆಚುಕ್ಕೆ ರೋಗ. ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ ಇದಕ್ಕೆ ಕಾರಣವೆಂದು ಗೊತ್ತಾಗಿದೆ, ರೋಗ ತಗುಲಿದ ಸೋಗೆ ಕಡಿದು ಸುಡಬೇಕೆಂಬ ಸಲಹೆಯೂ ಇದೆ. ಆದರೆ ಒಬ್ಬನ ತೋಟದಲ್ಲಿ ಸುಟ್ಟು ಪಕ್ಕದ ತೋಟದಲ್ಲಿ ಬಿಟ್ಟರೆ ಗಾಳಿಮಳೆಯಲ್ಲಿ ಬೀಜಕಗಳು ಮತ್ತೆ ಬರುತ್ತವೆ. ಕೋಲ್ಮನ್ ಕಾಲದ ಸಂಶೋಧನೆ ಕೊನೆಗೌಡನ ಕತ್ತಿಯ ಅಲಗಿನವರೆಗೆ ಬಂತು. ಇಂದಿನ ಪಿಎಚ್.ಡಿ. ಪ್ರಬಂಧಗಳು ಬಹುಪಾಲು ಇಂಗ್ಲಿಷಿನಲ್ಲಿ ಗ್ರಂಥಾಲಯದ ಕಪಾಟು ಸೇರುತ್ತವೆ, ಉಣುಗಿನ ಬಗ್ಗೆ ಬರೆದದ್ದು ದರಕು ಗುಡಿಸುವವರಿಗೆ, ನೈಟ್ರೇಟಿನ ಬಗ್ಗೆ ಬರೆದದ್ದು ಗೊಬ್ಬರ ಹಾಕುವವರಿಗೆ ತಲುಪುವುದಿಲ್ಲ. ಪ್ರತಿ ಪ್ರಬಂಧದ ಜೊತೆಗೆ ನಾಲ್ಕು ಪುಟದ ಕನ್ನಡ ಸಾರಾಂಶವನ್ನು ಕಡ್ಡಾಯಮಾಡಿ, ಅದನ್ನು ಗ್ರಾಮ ಪಂಚಾಯಿತಿಗೂ ಅಡಿಕೆ ಸಹಕಾರ ಸಂಘಕ್ಕೂ ಕಳುಹಿಸುವುದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಹೊಸನಗರ, ತೀರ್ಥಹಳ್ಳಿ, ಶೃಂಗೇರಿಯ ಬೆಳೆಗಾರರು ಈಗ ಸೋಗೆಯ ಮೇಲಿನ ಚುಕ್ಕೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಒಬ್ಬರಿಗೊಬ್ಬರು ಕಳುಹಿಸಿ, ಇದು ಅದೇ ರೋಗವೋ ಅಲ್ಲವೋ ಎಂದು ಕೇಳಿಕೊಳ್ಳುತ್ತಿದ್ದಾರೆ.