ನ್ಯಾಟೊ ಬಿಡ್ತೀನಿ ಅಂತ ಗೆದ್ದ, ಬಿಡದೇನೇ ಆಳಿದ: ಆಂಡ್ರಿಯಾಸ್ ಪಾಪಂಡ್ರೆಯು ಕತೆ

2010ರಲ್ಲಿ ಗ್ರೀಸ್ ಸಾಲದ ಗಲಾಟೆ ಶುರುವಾದಾಗ ದಿನಾ ಟೀವೀಲಿ ಬರ್ತಿದ್ರಲ್ಲ ಪ್ರಧಾನಿ ಜಾರ್ಜ್ ಪಾಪಂಡ್ರೆಯು, ಅವ್ರ ಅಪ್ಪನೂ ಪ್ರಧಾನಿ, ತಾತನೂ ಪ್ರಧಾನಿ. ಇದೇನ್ ನಮ್ಗೆ ಹೊಸದಲ್ಲ ಬಿಡಿ. ಆದ್ರೆ ಆ ಸಾಲದ ಬೇರು ಹುಡುಕ್ತಾ ಹೋದ್ರೆ ನಡುವಿನವನು, ಅಂದ್ರೆ ಅಪ್ಪ ಆಂಡ್ರಿಯಾಸ್, ಸಿಗ್ತಾನೆ.

1919ರಲ್ಲಿ ಹುಟ್ಟಿದ ಈತ ಗ್ರೀಸಿನ ಸರ್ವಾಧಿಕಾರಿ ಮೆಟಾಕ್ಸಾಸ್ ಕಾಲದಲ್ಲಿ ಜೈಲು ನೋಡಿ ಅಮೆರಿಕಾಗೆ ಹೋದ, ಹಾರ್ವರ್ಡಲ್ಲಿ ಡಾಕ್ಟರೇಟು, ಅಮೆರಿಕನ್ ನೌಕಾಪಡೇಲಿ ಕೆಲ್ಸ, ಅಲ್ಲಿನ ಸಿಟಿಜನ್‌ಶಿಪ್ಪು, ಆಮೇಲೆ ಬರ್ಕ್ಲಿ ಯೂನಿವರ್ಸಿಟೀಲಿ ಎಕನಾಮಿಕ್ಸ್ ವಿಭಾಗದ ಮುಖ್ಯಸ್ಥ. ಮುಂದೆ ಅಮೆರಿಕಾನ ಬಾಯ್ತುಂಬ ಬೈದೇ ಓಟು ಗಿಟ್ಟಿಸಿದ್ದು ಇದೇ ಮನುಷ್ಯ.

1964ರಲ್ಲಿ ಅಪ್ಪನ ಸರ್ಕಾರದಲ್ಲಿ ಮಂತ್ರಿಯಾದ. ಮರುವರ್ಷ ರಾಜನಿಗೂ ಅಪ್ಪನಿಗೂ ಜಗಳವಾಗಿ ಸರ್ಕಾರ ಬಿತ್ತು, 1967ರ ಏಪ್ರಿಲ್ 21ರ ರಾತ್ರಿ ಸೈನ್ಯದ ಕರ್ನಲ್‌ಗಳು ದೇಶಾನೇ ಹಿಡ್ಕೊಂಡ್ರು. ಸೈನಿಕ್ರು ಮನೆಗೆ ನುಗ್ಗಿದಾಗ ಆಂಡ್ರಿಯಾಸ್ ಮಹಡಿ ಮೇಲೆ ಅಡಗಿದ್ದ, ಹದಿನಾಲ್ಕು ವರ್ಷದ ಮಗ ಜಾರ್ಜ್ ತಲೆಗೆ ಗನ್ ಇಟ್ಟ ಮೇಲೆ ಕೆಳಗೆ ಬಂದು ಸಿಕ್ಕಿಬಿದ್ದ. ಅವನನ್ನ ಬಿಡಿಸೋಕೆ ಅಮೆರಿಕಾದ ಎಕನಾಮಿಸ್ಟ್‌ಗಳು ಪ್ರೆಸಿಡೆಂಟ್ ಜಾನ್ಸನ್ ಬೆನ್ನುಬಿದ್ರು. ವರ್ಷದ ಕೊನೇಲಿ ಬಿಡುಗಡೆ, ಆಮೇಲೆ ಸ್ವೀಡನ್, ಕೆನಡಾ.

1974ರಲ್ಲಿ ಕರ್ನಲ್‌ಗಳು ಸೈಪ್ರಸ್ ದ್ವೀಪದಲ್ಲಿ ದಂಗೆ ಎಬ್ಬಿಸಿ, ಟರ್ಕಿ ಸೈನ್ಯ ಅಲ್ಲಿಗೆ ನುಗ್ಗಿ, ಆ ಅನಾಹುತದಿಂದ ತಾವೇ ಬಿದ್ರು, ಈತ ವಾಪಸ್ ಬಂದು ಪಾಸೋಕ್ ಅನ್ನೋ ಸಮಾಜವಾದಿ ಪಾರ್ಟಿ ಕಟ್ದ. ನ್ಯಾಟೊ ಬೇಡ, ಯುರೋಪಿಯನ್ ಕೂಟ ಬೇಡ, ಅಮೆರಿಕನ್ ನೆಲೆಗಳು ತೊಲಗಲಿ ಅಂತ ಕೂಗಿ, 1981ರಲ್ಲಿ "ಬದಲಾವಣೆ" ಅನ್ನೋ ಒಂದೇ ಮಾತಿಟ್ಕೊಂಡು 48% ಓಟು ತಗೊಂಡ. ಆಮೇಲೆ? ನ್ಯಾಟೊ ಬಿಡ್ಲಿಲ್ಲ, ಯುರೋಪ್ ಬಿಡ್ಲಿಲ್ಲ, ಅಲ್ಲಿಂದ ಬಂದ ದುಡ್ಡು ರೈತರಿಗೆ ಹಂಚಿದ. 1983ರಲ್ಲಿ ನೆಲೆಗಳಿಗೆ ಇನ್ನೈದು ವರ್ಷದ ಒಪ್ಪಂದ ಮಾಡ್ಕೊಂಡು ಜನಕ್ಕೆ ಮಾತ್ರ ಇದು ಅವ್ರನ್ನ ಕಳಿಸೋ ಒಪ್ಪಂದ ಅಂತ ಹೇಳ್ದ! ಕ್ರೀಟ್ ದ್ವೀಪದ ಸೂಡಾ ನೆಲೆ ಇವತ್ತಿಗೂ ಇದೆ.

ಆದ್ರೂ ಜನ ಯಾಕೆ ಬಿಡ್ಲಿಲ್ಲ ಅಂದ್ರೆ, ಮಾಡಿದ ಕೆಲ್ಸಾನೂ ಸಣ್ಣದಲ್ಲ. ಚರ್ಚಿಗೆ ಹೋಗ್ದೆ ಮದುವೆ ಆಗೋ ಕಾನೂನು, ಸರ್ಕಾರಿ ಆರೋಗ್ಯ ವ್ಯವಸ್ಥೆ, ನಾಜಿಗಳ ವಿರುದ್ಧ ಹೋರಾಡಿದ ಎಡಪಂಥೀಯರಿಗೆ ದಶಕಗಳ ಮೇಲೆ ಸಿಕ್ಕ ಮಾನ್ಯತೆ. ಸಂಬಳ, ಪೆನ್ಷನ್ನು, ಸರ್ಕಾರಿ ನೌಕರಿ ಎಲ್ಲಾ ಏರಿದ್ವು, ಅದ್ರ ಜೊತೆ ಸಾಲಾನೂ ಏರ್ತು, ಒಂದೇ ದಶಕದಲ್ಲಿ ಜಿಡಿಪಿ ಲೆಕ್ಕದಲ್ಲಿ ಡಬಲ್‌ಗಿಂತ ಜಾಸ್ತಿ. ಎಕನಾಮಿಕ್ಸ್ ಮೇಷ್ಟ್ರಿಗೆ ಇದು ಕಾಣ್ಲಿಲ್ಲ ಅಂದ್ರೆ ನಾನಂತೂ ನಂಬಲ್ಲ. 1985ರಲ್ಲಿ ರಾಜೀವ್ ಗಾಂಧಿ ದೆಹಲೀಲಿ ಕರೆದ ಅಣ್ವಸ್ತ್ರ ವಿರೋಧಿ ಆರು ದೇಶಗಳ ಸಭೇಲಿ ಈತನೂ ಇದ್ದ, ಅದೇ ವರ್ಷದ ಕೊನೇಲಿ ತನ್ನ ದೇಶದಲ್ಲಿ ಆಗಿನ ಗ್ರೀಕ್ ನಾಣ್ಯ ಡ್ರಾಕ್ಮಾದ ಬೆಲೆ ಇಳಿಸಿ ಜನರ ಬೆಲ್ಟ್ ಬಿಗಿಸಿದ.

1988ರಲ್ಲಿ ಲಂಡನ್ನಲ್ಲಿ ಹಾರ್ಟ್ ಆಪರೇಷನ್ ಆಗಿ ವಾಪಸ್ ಬಂದಾಗ, ವಿಮಾನದಿಂದ ಇಳೀತಾ ಗಗನಸಖಿ ದಿಮಿತ್ರಾ ಲಿಯಾನಿಗೆ ಕೈಸನ್ನೆ ಮಾಡಿ ಹತ್ರ ಕರೆದ, ಹೆಂಡ್ತಿ ಮಾರ್ಗರೆಟ್ ಜೊತೆ ಡೈವೋರ್ಸ್ ಆಗೋಕೆ ಮುಂಚೇನೇ, ಕ್ಯಾಮೆರಾಗಳ ಎದುರಿಗೇನೇ. ಅದೇ ಟೈಮಲ್ಲಿ ಬ್ಯಾಂಕ್ ಆಫ್ ಕ್ರೀಟ್ ದುಡ್ಡು ನುಂಗಿದ ಹಗರಣ ಸಿಡೀತು, ಈತನಿಗೂ ಪಾಲು ಹೋಗಿದೆ ಅನ್ನೋ ಆರೋಪ ಬಂತು, 1989ರಲ್ಲಿ ಸೋತ, ಬಲಪಂಥೀಯರೂ ಕಮ್ಯುನಿಸ್ಟರೂ ಒಂದಾಗಿ ವಿಶೇಷ ಕೋರ್ಟಿಗೆ ಎಳೆದ್ರು. ಈತ ಕೋರ್ಟಿನ ಕಡೆ ತಲೆನೂ ಹಾಕ್ಲಿಲ್ಲ, 1992ರಲ್ಲಿ 7-6 ಓಟಲ್ಲಿ ಖುಲಾಸೆ. 1993ರಲ್ಲಿ ಅದೇ ಜನ ಮತ್ತೆ ಗೆಲ್ಲಿಸಿದ್ರು. 1995ರ ನವೆಂಬರಲ್ಲಿ ಆಸ್ಪತ್ರೆ ಸೇರಿ ಉಸಿರಾಟಕ್ಕೆ ಮಷಿನ್ ಹಾಕಿದ್ರೂ ಕುರ್ಚಿ ಬಿಡ್ಲಿಲ್ಲ, ಜನವರೀಲಿ ಪಾರ್ಟಿಯವ್ರ ಒತ್ತಡಕ್ಕೆ ರಾಜೀನಾಮೆ ಕೊಟ್ಟ, ಜೂನ್ 23ಕ್ಕೆ ತೀರ್ಕೊಂಡ.