ಹಳೇ ಬೈಕಿನ ಪೆಟ್ರೋಲ್ ಕಾಕ್ ಬಿಗಿದಿದ್ದರೆ

ಪತ್ತನಾಜೆಯ ಹೊತ್ತಿಗೆ, ಅಂದರೆ ಮಳೆಗಾಲದ ಮುಂಚೆ, ಶೆಡ್ಡು ಸೇರಿದ ಬುಲೆಟ್ಟೋ ಯೆಜ್ದಿಯೋ ದೀಪಾವಳಿಗೆ ಹೊರಬಂದಾಗ, ನಮ್ಮ ಉಡುಪಿ-ಮಂಗಳೂರಿನ ಹವೆಗೆ ಟ್ಯಾಂಕಿನ ತಳದ ನಲ್ಲಿ, ಅಂದರೆ ಪೆಟ್ರೋಲ್ ಕಾಕ್, ಕಚ್ಚಿಕೊಂಡಿರುವುದು ಮಾಮೂಲು. ಇಕ್ಕುಳ ಹಾಕಿ ತಿರುಗಿಸಲೇಬೇಡಿ. ಹಿತ್ತಾಳೆಯ ತಿರುಗಣಿ ಕುತ್ತಿಗೆಯಲ್ಲೇ ಮುರಿಯುತ್ತದೆ, ಸತುವಿನ ಎರಕದ ಬಾಡಿಯಾದರೆ ಬಿರಿಯುತ್ತದೆ.

ಕಚ್ಚಿ ಹಿಡಿಯುವುದು ಎರಡು. ಪೆಟ್ರೋಲ್ ಆರಿ ಉಳಿದ ಜೇನುಬಣ್ಣದ ಅಂಟು ಒಂದು. ಇನ್ನೊಂದು ಕಿಲುಬು: ಎಥನಾಲ್ ಬೆರೆತ ಪೆಟ್ರೋಲ್ ಮಳೆಗಾಲದ ತೇವ ಹೀರಿ, ಅದು ಹೆಚ್ಚಾದಾಗ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ತಳಕ್ಕೆ, ಅಂದರೆ ಕಾಕ್‌ನ ಬಾಯಿಗೇ ಇಳಿಯುತ್ತದೆ.

ಟ್ಯಾಂಕನ್ನು ಮೇಲಿನ ಬಾಯಿಂದ ಪೈಪ್ ಹಾಕಿ ಬಯಲಲ್ಲಿ ಖಾಲಿ ಮಾಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಹತ್ತಿರ ಬೀಡಿ, ಒಲೆ, ಗ್ರೈಂಡರ್ ಯಾವುದೂ ಬೇಡ. ಕಾಕ್ ಬಿಚ್ಚಿ, ರಬ್ಬರ್, ಬಿರಡೆ (ಕಾರ್ಕ್) ತೆಗೆಯಲಾದರೆ ತೆಗೆದಿಟ್ಟು, ಮುಚ್ಚಳದ ಡಬ್ಬಿಯಲ್ಲಿ ಒಂದು ರಾತ್ರಿ ತಿನ್ನರ್‌ನಲ್ಲಿ ನೆನೆಹಾಕಿ. ಅಂಟು ಬಿಡುವುದು ಹೀಗೆ. ಹಿತ್ತಾಳೆಯ ಕಿಲುಬಿಗೆ ದೀಪ ತಿಕ್ಕುವ ಹುಣಸೆಹುಳಿಯೇ ಸಾಕು: ಹತ್ತು ನಿಮಿಷ ಹಚ್ಚಿ, ತೊಳೆದು, ಪೂರ್ತಿ ಒಣಗಿಸಿ.

ಶಂಕುವಿನಾಕಾರದ ತಿರುಗಣಿಯಿದ್ದರೆ, ಅದರಲ್ಲೂ ಬಾಡಿಯಲ್ಲೂ ಮೊದಲು ಗುರುತು ಹಾಕಿ. ಒಂದಕ್ಕೊಂದು ಹೊಂದಿ ಸವೆದ ಜೋಡಿಯದು, ಬೇರೆ ಕಾಕ್‌ನದ್ದು ಕೂರುವುದಿಲ್ಲ. ತುದಿಯ ನಟ್ಟು, ಸ್ಪ್ರಿಂಗ್ ತೆಗೆಯಿರಿ. ಇನ್ನೂ ಬರದಿದ್ದರೆ ತಿನ್ನರ್ ಪೂರ್ತಿ ಒರೆಸಿ, ಬಾಡಿಯ ಮೇಲೆ ಮಾತ್ರ ಕುದಿಯುವ ನೀರು ಹೊಯ್ಯಿರಿ: ಹೊರಗಿನದು ಮೊದಲು ಹಿಗ್ಗಿ ಹಿಡಿತ ಸಡಿಲುತ್ತದೆ. ಆಗಲೇ ಮರದ ಸುತ್ತಿಗೆಯಿಂದ ಸಣ್ಣ ತುದಿಗೆ ಮೆಲ್ಲನೆ ತಟ್ಟಿ.

ಮತ್ತೆ ಕೂರಿಸುವಾಗ ವಾಲ್ವ್ ಉಜ್ಜುವ ಪೇಸ್ಟ್ ಬೇಡ, ಅದರ ಹರಳು ಹಿತ್ತಾಳೆಯಲ್ಲಿ ಹೂತು ಮುಂದೆಯೂ ಕೊರೆಯುತ್ತಲೇ ಇರುತ್ತದೆ. ಹಿತ್ತಾಳೆಗೆ ಹೊಳಪು ಕೊಡುವ ಬ್ರಾಸೋ ಸವರಿ, ಆಚೆ ಈಚೆ ಕಾಲು ಸುತ್ತಿನಂತೆ ತಿರುಗಿಸಿ, ನಡುನಡುವೆ ಎತ್ತಿ ನೋಡಿ. ಮಾರ್ಕರ್‌ನಿಂದ ಗೆರೆ ಎಳೆದು ತಿರುಗಿಸಿದರೆ ಅದು ಎಲ್ಲೆಡೆ ಸಮನಾಗಿ ಅಳಿಸಬೇಕು. ಒಂದು ಕಡೆ ಮಾತ್ರ ಅಳಿಸಿದರೆ ಕೆಲಸ ಮುಗಿದಿಲ್ಲ. ಚೆನ್ನಾಗಿ ತೊಳೆದು, ಪೆಟ್ರೋಲಿಗೆ ಕರಗದ ಗ್ರೀಸ್ ತೆಳುವಾಗಿ ಹಚ್ಚಿ. ಸಾದಾ ಗ್ರೀಸ್ ಕರಗಿ ಕಾರ್ಬ್ಯುರೇಟರ್‌ನ ಸಣ್ಣ ತೂತಿಗೆ, ಅಂದರೆ ಜೆಟ್ಟಿಗೆ ಹೋಗುತ್ತದೆ.

ಎಳೆದು ಒತ್ತುವ ಕಾಕ್‌ನ ಬಿರಡೆ ಒಣಗಿ ಕುಗ್ಗಿರುತ್ತದೆ. ಹತ್ತು ನಿಮಿಷ ನೀರಲ್ಲಿ ಕುದಿಸಿದರೆ ಉಬ್ಬುತ್ತದೆ. ಬಿಗಿಯಾದರೆ 600ರ ಎಮರಿ ಪೇಪರಿನಿಂದ ತಿಕ್ಕಿ. ಆರ್‌ಎಕ್ಸ್ 100ರಂಥವುಗಳ ಚಪ್ಪಟೆ ಕಾಕ್‌ನಲ್ಲಿ ತೂತುಗಳಿರುವ ರಬ್ಬರ್ ಹಾಕಬೇಕಾದ್ದು ಹೊಸದನ್ನೇ, ಸಾಧ್ಯವಾದರೆ ಪೆಟ್ರೋಲಿಗೆ ಜಗ್ಗದ ವಿಟಾನ್ ರಬ್ಬರಿನದ್ದು. ಹಳೆಯ ರಬ್ಬರ್ ಎಥನಾಲಿಗೆ ಉಬ್ಬಿ ಹಿಡಿಯನ್ನು ಮತ್ತೆ ಬಿಗಿಸುತ್ತದೆ.

ಪರೀಕ್ಷೆಗೆ ಚಿಮಿಣಿ ಎಣ್ಣೆ ಒಳ್ಳೆಯದು. ಪೆಟ್ರೋಲ್ ಸೋರಿದರೂ ಆರಿಹೋಗುತ್ತದೆ, ಇದು ಕಲೆ ಬಿಡುತ್ತದೆ. ಟ್ಯಾಂಕಿಗೆ ರಿಸರ್ವ್ ಮಟ್ಟಕ್ಕಿಂತ ಮೇಲೆ ಬರುವಷ್ಟು ಹಾಕಿ, ಕಾಕ್ ಮುಚ್ಚಿ, ಕೆಳಗೆ ಕಾಗದ ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ಕಾಗದ ಒಣಗಿಯೇ ಇದ್ದರೆ ಹಿಡಿಯನ್ನು ಆನ್, ರಿಸರ್ವ್ ಎರಡಕ್ಕೂ ತಿರುಗಿಸಿ ಹರಿವು ನೋಡಿ, ಆಮೇಲೆ ಪೆಟ್ರೋಲ್ ತುಂಬಿ.