ಗ್ರೀನ್ ಟೀ ಕುಡಿದ್ರೆ ಸ್ತನ ಕ್ಯಾನ್ಸರ್ ಹೋಗುತ್ತಾ?

"ಲ್ಯಾಬ್‌ನಲ್ಲಿ ಗ್ರೀನ್ ಟೀ ಸ್ತನ ಕ್ಯಾನ್ಸರ್ ಕೋಶಗಳನ್ನ ಸಾಯಿಸಿದೆಯಂತೆ, ಹಾಗಾದ್ರೆ ದಿನಾ ಕುಡಿದ್ರೆ ಆಯ್ತಲ್ವಾ?" ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೀನೋ ಲೆಕ್ಕ ಇಲ್ಲ. ಆದ್ರೆ ಕೇಳೋರ ಮನೇಲಿ ಯಾರಿಗೋ ಗಂಟು ಕಾಣಿಸಿಕೊಂಡಿರುತ್ತೆ, ಹಾಗಾಗಿ ಇನ್ನೊಂದ್ಸಲ ಬರೀತೀನಿ.

ಸಾಯಿಸಿದ್ದು ನಿಜ. ಸಾಯಿಸಿದ್ದು ಹೇಗೆ ಅಂತ ನೋಡಿ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರ ತಳಕ್ಕೆ ಅಂಟಿಕೊಂಡು ಬೆಳೀತಿರೋ ಕೋಶಗಳು, ಮೇಲೆ ಗುಲಾಬಿ ಬಣ್ಣದ ದ್ರಾವಣ. ಗ್ರೀನ್ ಟೀಯ ಮುಖ್ಯ ಅಂಶ ಇಜಿಸಿಜಿಯನ್ನ ಅದಕ್ಕೇ ನೇರವಾಗಿ ಸುರೀತಾರೆ, ಎರಡು ಮೂರು ದಿನ ಬಿಟ್ಟು ಎಷ್ಟು ಕೋಶ ಉಳಿದಿವೆ ಅಂತ ಎಣಿಸ್ತಾರೆ. ಅಲ್ಲಿ ಹಾಕೋದು ಸಾಮಾನ್ಯವಾಗಿ 20ರಿಂದ 100 ಮೈಕ್ರೋಮೋಲಾರ್ (ದ್ರಾವಣದಲ್ಲಿ ಒಂದು ವಸ್ತು ಎಷ್ಟು ಬೆರೆತಿದೆ ಅಂತ ಅಳೆಯೋ ಮಾಪನ). ನೀವು ಒಂದೆರಡು ಕಪ್ ಕುಡಿದಾಗ ರಕ್ತದಲ್ಲಿ ಸಿಗೋದು 1 ಮೈಕ್ರೋಮೋಲಾರ್‌ಗಿಂತ ಕಮ್ಮಿ, ಅದೂ ಕೆಲವು ಗಂಟೆ ಅಷ್ಟೇ, ಯಾಕಂದ್ರೆ ಹೆಚ್ಚಿನ ಪಾಲು ಕರುಳು ದಾಟೋದೇ ಇಲ್ಲ, ದಾಟಿದ್ದನ್ನೂ ಲಿವರ್ ಬದಲಾಯಿಸಿ ಹೊರಗೆ ಕಳಿಸುತ್ತೆ. ಕಪ್ ಜಾಸ್ತಿ ಮಾಡಿದ್ರೆ ತುಂಬೋ ಅಂತರ ಅಲ್ಲ ಇದು!

ಇನ್ನೊಂದು ವಿಷಯ ಯಾರೂ ಹೇಳಲ್ಲ. ಇಜಿಸಿಜಿ ಆ ದ್ರಾವಣದಲ್ಲಿ ಸ್ಥಿರವಾಗಿ ನಿಲ್ಲಲ್ಲ, ಆಕ್ಸಿಜನ್ ಜೊತೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತೆ. ಅದನ್ನ ಒಡೆಯೋ ಕ್ಯಾಟಲೇಸ್ ಕಿಣ್ವ ಹಾಕಿ ನೋಡಿದಾಗ ಎಷ್ಟೋ ಪ್ರಯೋಗಗಳಲ್ಲಿ ಕೋಶ ಸಾಯೋದು ಕಮ್ಮಿಯಾಗಿದೆ. ಅಂದ್ರೆ ಕೊಂದಿದ್ದರಲ್ಲಿ ಒಂದು ಪಾಲು ಟೀದಲ್ಲ, ತಟ್ಟೆಯಲ್ಲೇ ಹುಟ್ಟಿದ ಪೆರಾಕ್ಸೈಡ್‌ದು.

"ಹಾಗಾದ್ರೆ ಕ್ಯಾಪ್ಸೂಲ್ ತಗೊಂಡ್ರೆ?" ದಯವಿಟ್ಟು ಬೇಡ. ಅಮೆರಿಕದ ಮಿನ್ನೆಸೋಟಾದಲ್ಲಿ ಮುಟ್ಟು ನಿಂತ ಸಾವಿರಕ್ಕೂ ಹೆಚ್ಚು ಹೆಂಗಸರನ್ನ ಸೇರಿಸಿಕೊಂಡು ಒಂದು ಪ್ರಯೋಗ ಮಾಡಿದ್ರು, ಅರ್ಧದಷ್ಟು ಜನಕ್ಕೆ ಒಂದು ವರ್ಷ ದಿನಕ್ಕೆ 843 ಮಿಲಿಗ್ರಾಂ ಇಜಿಸಿಜಿ ಕೊಟ್ರು. ಒಟ್ಟಾರೆ ಲೆಕ್ಕದಲ್ಲಿ ಮ್ಯಾಮೋಗ್ರಾಂ ಸಾಂದ್ರತೆ (ಸ್ತನದ ಎಕ್ಸ್-ರೇಯಲ್ಲಿ ಕಾಣೋ ದಟ್ಟತೆ, ಇದು ಜಾಸ್ತಿ ಇದ್ರೆ ಕ್ಯಾನ್ಸರ್ ಅಪಾಯಾನೂ ಜಾಸ್ತಿ) ಹೇಳಿಕೊಳ್ಳೋ ಹಾಗೆ ಇಳೀಲಿಲ್ಲ, ಕೆಲವರ ರಕ್ತದಲ್ಲಿ ಲಿವರ್ ಎಂಜೈಮ್ ಮಾತ್ರ ಏರ್ತು, ಅಂದ್ರೆ ಲಿವರ್‌ಗೆ ತೊಂದರೆ ಆಗ್ತಿರೋ ಸೂಚನೆ. ಕ್ಯಾಪ್ಸೂಲ್ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಜಾಸ್ತಿ ಹೋದ್ರೆ ಹೀಗಾಗಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಹೇಳಿದೆ. ಚಿಕಿತ್ಸೆ ನಡೀತಿರೋವಾಗ ನಿಮ್ಮ ಆಂಕಾಲಜಿಸ್ಟ್‌ಗೆ ಹೇಳದೆ ಇದನ್ನ ಮುಟ್ಟಲೇಬೇಡಿ. ರುಚಿಗೆ ಅಂತ ಒಂದೆರಡು ಕಪ್ ಕುಡೀತೀರಾ, ಕುಡೀರಿ.

ಅಂದಹಾಗೆ, ಆ ತಟ್ಟೆಯಲ್ಲಿರೋ ಕೋಶಗಳು ಯಾರದ್ದು ಅಂತ ಯಾರೂ ಕೇಳಲ್ಲ, ನಾನೇ ಹೇಳ್ತೀನಿ. ಇಂಥ ಪ್ರಯೋಗಗಳಲ್ಲಿ ತುಂಬಾ ಬಳಸೋ ಎಂಸಿಎಫ್-7 ಅನ್ನೋ ಕೋಶಗಳು ಅಮೆರಿಕದ 69 ವರ್ಷದ ಕ್ರೈಸ್ತ ಸನ್ಯಾಸಿನಿಯೊಬ್ಬರವು, 1970ರಲ್ಲಿ ಅವರ ಶ್ವಾಸಕೋಶದ ಸುತ್ತ ತುಂಬಿದ್ದ ನೀರಿನಿಂದ ತೆಗೆದಿದ್ದು. ಮಿಶಿಗನ್ ಕ್ಯಾನ್ಸರ್ ಫೌಂಡೇಶನ್‌ನಲ್ಲಿ ಬೆಳೆಸಿದ್ರು, ಎಂಸಿಎಫ್ ಅನ್ನೋ ಹೆಸರು ಅಲ್ಲಿಂದ ಬಂದಿದ್ದು. ಆ ತಾಯಿ ತೀರಿಕೊಂಡು ಐವತ್ತು ವರ್ಷದ ಮೇಲಾಯ್ತು, ಅವರ ಕೋಶಗಳು ಇವತ್ತಿಗೂ ಜಗತ್ತಿನ ಲ್ಯಾಬ್‌ಗಳಲ್ಲಿ ಬೆಳೀತಾನೇ ಇವೆ, ರಕ್ತನಾಳ ಇಲ್ಲ, ಲಿವರ್ ಇಲ್ಲ, ಕರುಳಿಲ್ಲ, ಬರೀ ಪ್ಲಾಸ್ಟಿಕ್ ಮೇಲೆ.